ಬಾಲ ಬಂದ ಬೊಟ್ಟು

ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಬಾಯ್ಲರ್. ಅದು ಗುರ್ರೆಂದು ಶುರುವಾದ ಮೇಲೆ ನಾನು. ಆ ದಿನವೂ ಹಾಗೆಯೇ ಇಳಿದು ಬಂದೆ. ಅಡುಗೆಮನೆಯ ಬ್ಲೈಂಡ್ ಎತ್ತಿದೆ, ದೇವರ ಮುಂದೆ ಚಿಕ್ಕ ದೀಪ ಹಚ್ಚಿದೆ. ಊದುಬತ್ತಿ ಹಚ್ಚಲಿಲ್ಲ, ಸ್ಮೋಕ್ ಅಲಾರ್ಮಿಗೂ ನಮ್ಮ ದೇವರಿಗೂ ಹಳೆಯ ಜಗಳ. ನೀರ್ದೋಸೆಯ ಹಿಟ್ಟಿಗೆ ಉಪ್ಪು ಹಾಕಿ ಕಾವಲಿ ಕಾಯಲಿಟ್ಟೆ. ಹೊರಗೆ ತಿರುವಿನಲ್ಲಿ ಟ್ರಾಮ್ ಕೀಚೆಂದು ಹೋಯಿತು. ಅದರ ಹಿಂದೆಯೇ ಮೆಟ್ಟಿಲಲ್ಲಿ ನನ್ನ ಗಂಡನ ಹೆಜ್ಜೆ ಕೇಳಬೇಕು, ಕೇಳಿತು.

"ಚಾ ಅರ್ಧ ಸಾಕು," ಎಂದರು.

ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಚಾ ಅರ್ಧ ಸಾಕು ಎಂದವರಲ್ಲ. ಕಂಠಮಟ್ಟ ತುಂಬಿದ ಲೋಟವನ್ನು ಒಂದು ಹನಿ ಚೆಲ್ಲದೆ ಮುಂದಿನ ಕೋಣೆಗೆ ಒಯ್ದು, ಪೇಪರ್ ಬಿಡಿಸಿ ಕೂರುವುದು ಅವರ ಪದ್ಧತಿ. ಈಗ ಮೂರು ವಾರದಿಂದ ಅರ್ಧ. ಅದೂ ಅಡುಗೆಮನೆಯ ಮೇಜಿನಲ್ಲೇ, ಎರಡೂ ಕೈಗಳಿಂದ ಮಗ್ ಹಿಡಿದು.

"ಎಂತ ಹಾಗೆ ಹಿಡ್ಕೊಂಡದ್ದು, ಮಗು ಹಾಲು ಕುಡಿದ ಹಾಗೆ?" ಎಂದೆ.

"ಚಳಿ ಮಾರಾಯ್ತಿ."

ಹೀಟಿಂಗ್ ಇಪ್ಪತ್ತೊಂದು ಡಿಗ್ರಿಯಲ್ಲಿತ್ತು. ನಾನು ದೋಸೆ ಮಡಚಿದೆ.

ಗಂಡಸರು ಏನನ್ನಾದರೂ ಮುಚ್ಚಿಡುವಾಗ ದೊಡ್ಡದನ್ನು ಬಹಳ ಚೆನ್ನಾಗಿ ಮುಚ್ಚುತ್ತಾರೆ, ಚಿಕ್ಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಾರೆ. ಇಸ್ತ್ರಿ ಮಾಡಿದ ಗುಂಡಿಯ ಅಂಗಿಗಳು ಕಪಾಟಿನಲ್ಲಿ ತೂಗುತ್ತಿದ್ದವು. ಇವರು ದಿನಾ ಅದೇ ಜಿಪ್ಪಿನ ಸ್ವೆಟರಿನಲ್ಲಿ. ಪೇಪರಿನ ಕ್ರಾಸ್‌ವರ್ಡನ್ನು ಪೆನ್ನಿನಿಂದಲೇ ತುಂಬಿ, ಪೆನ್ಸಿಲ್ ಹಿಡಿಯುವವರನ್ನು ನೋಡಿ ನಗುತ್ತಿದ್ದವರು ಈಗ "ನೀ ಬರಿ, ನಾ ಹೇಳ್ತೇನೆ" ಎನ್ನುತ್ತಿದ್ದರು. ಹಿಂದಿನ ತಿಂಗಳು, ಎಂದೂ ಇಲ್ಲದ್ದು, ನನ್ನನ್ನು ಅವರ ಭಾನುವಾರದ ಕ್ಲಬ್ಬಿಗೆ ಚಾ ಕುಡಿಯಲೆಂದು ಕರೆದುಕೊಂಡು ಹೋಗಿದ್ದರು. ಅಲ್ಲಿಯ ಕಾರ್ಯದರ್ಶಿ, ಬಿಳಿ ಕೂದಲಿನ ದಪ್ಪ ಹೆಂಗಸು, ನನ್ನ ಕೈ ಕುಲುಕಿ, ಕೈಯನ್ನು ಬಿಡದೆ ಒಂದು ಕ್ಷಣ ಹೆಚ್ಚು ಹಿಡಿದುಕೊಂಡು ನೋಡಿದಳು. ಬಟ್ಟೆಯಂಗಡಿಯಲ್ಲಿ ಸೀರೆಯ ಸೆರಗು ಹಿಡಿದು ನೋಡುತ್ತಾರಲ್ಲ, ಹಾಗೆ. ನನಗೆ ಅದು ಹಿಡಿಸಲಿಲ್ಲ.

ಈ ಎಳೆಗಳನ್ನೆಲ್ಲ ಹಿಂದಕ್ಕೆ ಎಳೆದು ನೋಡಿದರೆ ದಾರ ಹೋಗಿ ನಿಲ್ಲುತ್ತಿದ್ದುದು ಆಯುಧಪೂಜೆಯ ದಿನದಲ್ಲಿ.

ನನ್ನ ಗಂಡನ ಬಳಿ ಒಂದು ರೈಫಲ್ ಇದೆ. ಬೇಟೆಗಲ್ಲ. ನಾವು ಇರುವೆಯ ಸಾಲು ಕಂಡರೆ ದಾಟಿ ನಡೆಯುವ ಜನ. ಅದು ಗುರಿಗೆ ಹೊಡೆಯುವ ಪಾಯಿಂಟ್ ಟೂ ಟೂ, ರಿಮ್‌ಫೈರ್ ಎನ್ನುತ್ತಾರೆ. ಪೆನ್ಸಿಲಿನ ತುಂಡಿನಷ್ಟೇ ತೋಟೆ, ಅದರ ಬುಡದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುತ್ತದೆ. ಭಾನುವಾರ ಬೆಳಿಗ್ಗೆ ಇವರು ಕ್ಲಬ್ಬಿನ ಚಾಪೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಒಂದು ಕಾಗದದ ಮೇಲಿರುವ ಹತ್ತು ಕಪ್ಪು ಚುಕ್ಕೆಗಳಿಗೆ ಹತ್ತು ಗುಂಡು ಹೊಡೆದು, ಆ ಕಾಗದವನ್ನು ಮನೆಗೆ ತಂದು ನನಗೆ ತೋರಿಸುತ್ತಾರೆ. ನಾನು "ಚೆಂದ ಉಂಟು" ಎನ್ನುತ್ತೇನೆ. ಆಸ್ಪತ್ರೆಗಳ ಲಿಫ್ಟ್ ರಿಪೇರಿ ಮಾಡಿ ಮಾಡಿ ಸವೆದ ಮನುಷ್ಯ. ಈ ಇಂಗ್ಲಿಷರ ಊರಿನಲ್ಲಿ ಅವರಿಗೆ ಗೆಳೆಯರೆಂದು ಸಿಕ್ಕಿದ್ದು ಆ ಚಾಪೆಗಳ ಮೇಲೆ. ಗುರಿ ಹಿಡಿಯಲು ಕಲಿಸಿದ ಮುದುಕ ಸಾಯುವ ಮೊದಲು ತನ್ನ ರೈಫಲ್ ಇವರಿಗೇ ಹೋಗಬೇಕೆಂದು ಹೇಳಿ ಹೋಗಿದ್ದ; ಅದನ್ನು ಎಂದೂ ಮಾರುವುದಿಲ್ಲವೆಂದು ಇವರೂ ಅವನಿಗೆ ಮಾತು ಕೊಟ್ಟಿದ್ದರು. ಹದಿನಾಲ್ಕು ವರ್ಷದಿಂದ ಅದು ನಮ್ಮ ಬಾಕ್ಸ್ ರೂಮಿನ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಕಪಾಟಿನಲ್ಲಿದೆ.

ಅದನ್ನು ಇಟ್ಟುಕೊಳ್ಳುವುದು ಸುಲಭವಲ್ಲ. ಪೊಲೀಸರ ಸರ್ಟಿಫಿಕೇಟ್ ಬೇಕು. ಈ ಮನುಷ್ಯ ನೆಟ್ಟಗಿದ್ದಾನೆ ಎಂದು ಇಬ್ಬರು ಪರಿಚಿತರು ಬರೆದುಕೊಡಬೇಕು. ಹದಿನಾಲ್ಕು ವರ್ಷದ ಹಿಂದೆ ಅವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯ ಧಾರವಾಡದ ಮೇಷ್ಟ್ರು. ಐದು ವರ್ಷಕ್ಕೊಮ್ಮೆ ನವೀಕರಣ, ಈಗೀಗ ಜಿಪಿಯ, ಅಂದರೆ ನಮ್ಮ ಮಾಮೂಲು ಡಾಕ್ಟರ, ಕಾಗದವೂ ಸೇರಿದೆ. ಕಪಾಟಿನ ಬೀಗದಕೈ ಎಲ್ಲಿದೆ ಎಂದು ಹೆಂಡತಿಗೂ ಗೊತ್ತಿರಬಾರದು. ಇದು ಕಾನೂನು ಬರೆದವರು ಮನೆ ಗುಡಿಸಿದವರಲ್ಲ ಎನ್ನುವುದಕ್ಕೆ ಸಾಕ್ಷಿ. ಕಳೆದ ಸಲ ಕಪಾಟು ನೋಡಲು ಪೊಲೀಸ್ ಅಧಿಕಾರಿ ಬರುವ ಮುನ್ನಾದಿನ ನಾನು ಇವರಿಗೆ ಹೇಳಿದ್ದೆ, "ಬೀಗದಕೈ ಜಾಗ ಬದಲಿಸಿ. ಈಗಿನ ಜಾಗ ನನಗೆ ಗೊತ್ತುಂಟು. ಅವ ಕೇಳಿದ್ರೆ ನನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ." ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಹತ್ತು ವರ್ಷ ಓದಿದವಳು ನಾನು, ಸುಳ್ಳು ಹೇಳಿದರೆ ಇಂದಿಗೂ ನನ್ನ ಕಿವಿ ಕೆಂಪಾಗುತ್ತದೆ. ಅವರು ಬದಲಿಸಿದರು. ಅಧಿಕಾರಿ ಕೇಳಿದ, ನಾನು ನೆಮ್ಮದಿಯಿಂದ "ಗೊತ್ತಿಲ್ಲ" ಎಂದೆ. ನಾಲ್ಕನೆಯ ದಿನ ಧೂಳು ಒರೆಸುವಾಗ ಸಿಕ್ಕಿತು.

ಮುಂದಿನ ನವೀಕರಣ ಬರುವ ವಸಂತದಲ್ಲಿ.

ಆಯುಧಪೂಜೆಯ ದಿನ ಊಟದ ಮೇಜಿನ ಮೇಲೆ ಮಡಿಪಂಚೆ ಹಾಸಿ, ನನ್ನ ಹೊಲಿಗೆ ಮಿಷನ್, ಮಿಕ್ಸಿ, ಕಾರಿನ ಬೀಗದಕೈ, ಅವರ ಸ್ಪ್ಯಾನರಿನ ಪೆಟ್ಟಿಗೆ ಎಲ್ಲವನ್ನೂ ಇಡುತ್ತೇವೆ. ಎಲ್ಲದಕ್ಕೂ ಬೊಟ್ಟು ಇಡುವುದು ನಾನು. ರೈಫಲಿಗೆ ಮಾತ್ರ ಅವರೇ. ಕುಂಕುಮಕ್ಕೆ ಒಂದು ಹನಿ ಎಣ್ಣೆ ಕಲಸಿ, ಉಂಗುರದ ಬೆರಳಿನಿಂದ ಮರದ ಹಿಡಿಯ ಮೇಲೊಂದು, ಟ್ರಿಗರಿನ ಮೇಲೊಂದು ಬೊಟ್ಟು. "ಕೆಲಸ ಮಾಡುದು ಅದೇ ಅಲ್ವಾ," ಎನ್ನುತ್ತಾರೆ. ಅವರ ಬೊಟ್ಟು ಕೈವಾರ ಇಟ್ಟು ಬರೆದಂತೆ ದುಂಡಗೆ ಇರುತ್ತಿತ್ತು. ನನ್ನ ಅತ್ತೆ ಕೂಡ ಮಗನ ಬೊಟ್ಟನ್ನು ಹೊಗಳಿದ್ದುಂಟು.

ಈ ಸಲ ಬೊಟ್ಟಿಗೆ ಬಾಲ ಬಂದಿತ್ತು. ಮರದ ಮೇಲೆ ದುಂಡಗೆ ಶುರುವಾಗಿ, ಗೊದಮೊಟ್ಟೆಯ ಹಾಗೆ ಪಕ್ಕಕ್ಕೆ ಜಾರಿತ್ತು. ಅವರು ನನ್ನನ್ನು ನೋಡಿದರು. ನಾನು ಆರತಿಯ ಬತ್ತಿ ಸರಿಮಾಡುತ್ತಿದ್ದೆ ಎಂಬಂತೆ ಮಾಡಿದೆ.

ಹಾಗಾಗಿ ಆ ಶನಿವಾರ ಅರ್ಧ ಚಾ ಮುಗಿಸಿ ಅವರು, "ಇವತ್ತು ನನ್ನೊಟ್ಟಿಗೆ ಬರ್ತಿಯಾ? ಬಂದೂಕಿನ ಅಂಗಡಿಗೆ. ಟ್ರಿಗರ್ ಬದಲಿಸ್ಲಿಕ್ಕುಂಟು," ಎಂದಾಗ ನನ್ನ ಸೌಟು ಕೈಯಲ್ಲೇ ನಿಂತಿತು.

"ನಾನು ಎಂತಕ್ಕೆ?"

"ಸುಮ್ಮನೆ. ನೀನೂ ನೋಡು."

"ಹದಿನಾಲ್ಕು ವರ್ಷ ನಾನು ನೋಡದೆ ಗುಂಡು ಹಾರಲಿಲ್ವಾ?"

"ಟ್ರಿಗರ್ ಗಟ್ಟಿಯಾಗಿದೆ. ಎಳೆದರೆ ಒಮ್ಮೆ ಬರ್ತದೆ, ಒಮ್ಮೆ ಸಿಕ್ಕಿಕೊಳ್ತದೆ. ಹೊಸ ನಮೂನೆಯದ್ದು ಹಾಕಿಸುವ ಅಂತ."

ಗಟ್ಟಿಯಾಗಿರುವುದು ಟ್ರಿಗರೋ ಬೆರಳೋ? ಕೈ ನಡುಗುವುದು ನಿಜವಾದರೆ ಜಿಪಿ ಬರೆಯುತ್ತಾರೆ, ಪೊಲೀಸರು ಸರ್ಟಿಫಿಕೇಟ್ ಕೊಡುವುದಿಲ್ಲ, ಕಪಾಟು ಖಾಲಿಯಾಗುತ್ತದೆ, ಭಾನುವಾರವೂ. ಅದನ್ನು ತಪ್ಪಿಸಲು ಇವರು ಹಗುರವಾದ ಟ್ರಿಗರ್ ಹಾಕಿಸಿ, ಇನ್ನೂ ಐದು ವರ್ಷ ಯಾರಿಗೂ ತಿಳಿಯದ ಹಾಗೆ ತಳ್ಳುವ ಲೆಕ್ಕದಲ್ಲಿದ್ದಾರೆ. ನನ್ನನ್ನು ಕರೆದುಕೊಂಡು ಹೋಗುವುದು ಫಾರಂ ತುಂಬಿಸಲು. ಬೆಳಗಿನ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಕೇಸು ಪೂರ್ತಿಯಾಗಿತ್ತು.

ರೈಫಲನ್ನು ಉದ್ದದ ಚೀಲದಲ್ಲಿ ಹಾಕಿ ಕಾರಿನ ಡಿಕ್ಕಿಯಲ್ಲಿಟ್ಟು, ಮೇಲೆ ಪಿಕ್‌ನಿಕ್ ಕಂಬಳಿ ಮುಚ್ಚಿ ಹೊರಟೆವು. ಇವರು ಬಲಮೊಣಕೈ ಕಿಟಕಿಗೆ ಒರಗಿಸಿ ಒಂದೇ ಕೈಯಲ್ಲಿ ಓಡಿಸುವವರು; ಅದಕ್ಕಾಗಿ ನನ್ನಿಂದ ಬೈಸಿಕೊಂಡವರು. ಆ ದಿನ ಎರಡೂ ಕೈ ಸ್ಟಿಯರಿಂಗ್ ಮೇಲೆ, ಡ್ರೈವಿಂಗ್ ಟೆಸ್ಟಿಗೆ ಕೂತ ಹಾಗೆ. ಬೈಯಲು ಏನೂ ಇಲ್ಲದೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಅಂಗಡಿ ಕ್ರೋಯ್ಡನ್ ದಾಟಿ, ಟಯರ್ ಅಂಗಡಿಗೂ ಅಡುಗೆಮನೆಯ ಟೈಲ್ಸ್ ಮಾರುವವರಿಗೂ ನಡುವೆ ಇತ್ತು. ಬೋರ್ಡು ಇಲ್ಲ. ಬೆಲ್ ಒತ್ತಿದರೆ ಕ್ಯಾಮೆರಾ ನಮ್ಮ ಮುಖ ನೋಡಿ, ಆಮೇಲೆ ಬಾಗಿಲು ಟಕ್ಕೆಂದು ಬಿಟ್ಟಿತು. ಒಳಗೆ ಎಣ್ಣೆಯ ವಾಸನೆ, ಅದರೊಳಗೆ ಟೋಸ್ಟಿನ ವಾಸನೆ. ಅಂಗಡಿಯವನು ಎಪ್ಪತ್ತು ದಾಟಿದವನು, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ತೂಗುಬಿಟ್ಟಿದ್ದ. ಇವರನ್ನು ಹೆಸರು ಹಿಡಿದು ಮಾತಾಡಿಸಿದ. ನನ್ನನ್ನು "ಲವ್" ಎಂದ. ಈ ಊರಿನಲ್ಲಿ ಬಸ್ಸಿನವನೂ ಹಾಗೆ ಕರೆಯುತ್ತಾನೆಂದು ಗೊತ್ತಿದ್ದರೂ ನನಗೆ ಪ್ರತಿಸಲ ಸಿಸ್ಟರ್ ಹಿಂದೆ ನಿಂತಿದ್ದಾರೇನೋ ಎಂದು ತಿರುಗಿ ನೋಡುವಂತಾಗುತ್ತದೆ.

ಇವರು ಸರ್ಟಿಫಿಕೇಟ್ ತೋರಿಸಿದರು. ಅವನು ಒಂದು ಚೀಟಿ ಮುಂದೆ ಸರಿಸಿ, ಹೆಸರು ವಿಳಾಸ ಬರೆಯಲು ಹೇಳಿದ.

"ನೀನೇ ಬರಿ," ಎಂದರು ಇವರು ನನಗೆ, ಕನ್ನಡದಲ್ಲಿ.

"ಕನ್ನಡಕ ತರ್ಲಿಲ್ವಾ?"

"ತಂದಿದ್ದೇನೆ. ನಿನ್ನ ಅಕ್ಷರ ಚೆಂದ ಅಲ್ವಾ?"

ಬರೆದೆ. ಅಂಗಡಿಯವನು ಚೀಟಿಯನ್ನು ನೋಡಲಿಲ್ಲ. ಇವರ ಬಲಗೈ ಜೇಬಿನಲ್ಲಿದ್ದುದನ್ನು ನೋಡಿದ. ನೋಡಿದ್ದನ್ನು ನಾನು ನೋಡಿದೆ. ಇವನಿಗೂ ಗೊತ್ತಿದೆ, ಕ್ಲಬ್ಬಿನವಳಿಗೂ ಗೊತ್ತಿದೆ, ನನಗೊಬ್ಬಳಿಗೆ ಮಾತ್ರ ಚಳಿಯ ಕಥೆ.

ರೈಫಲ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಅವನು ಅದನ್ನು ಬೆಂಚಿನ ಮೇಲೆ ಬಿಗಿದ. ಹಳೆಯ ಕಾಲದ ಕೊಕ್ಕೆತಕ್ಕಡಿಯಂಥ ಒಂದು ಚಿಕ್ಕ ಸಾಧನವನ್ನು ಟ್ರಿಗರಿಗೆ ಸಿಕ್ಕಿಸಿ ಮೆಲ್ಲಗೆ ಎಳೆದ. ಮೂರು ಸಲ ಎಳೆದ, ಮೂರು ಸಲಕ್ಕೂ ಬೇರೆ ಬೇರೆ ತೂಕ.

"ಇವರು ಹೇಳಿದ್ದು ಸರಿ. ಒಳಗೆ ಏನೋ ಕಚ್ಚಿಕೊಂಡಿದೆ," ಎಂದು ತಿರುಪು ಬಿಚ್ಚಿ, ಒಳಗಿನ ಭಾಗವನ್ನು ಬಿಳಿ ಬಟ್ಟೆಯ ಮೇಲೆ ತಟ್ಟಿದ. ಬಟ್ಟೆಯ ಮೇಲೆ ಕೆಂಪಗೆ ಏನೋ ಬಿತ್ತು. ಕಡ್ಡಿಯಿಂದ ಕೆರೆದ, ಇನ್ನಷ್ಟು ಬಂತು, ಎಣ್ಣೆಯಲ್ಲಿ ಕಲಸಿದ ಹಿಟ್ಟಿನ ಹಾಗೆ. ಅವನು ಬೆರಳಲ್ಲಿ ಉಜ್ಜಿ ನೋಡಿದ, ಮೂಸಿ ನೋಡಿದ.

"ತುಕ್ಕಲ್ಲ. ತುಕ್ಕು ಒರಟು. ಇದು ನುಣ್ಣಗಿದೆ." ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. "ಲಿಪ್‌ಸ್ಟಿಕ್ಕಾ, ಲವ್?"

ನಾನು ಜನ್ಮದಲ್ಲಿ ಲಿಪ್‌ಸ್ಟಿಕ್ ಹಚ್ಚಿದ್ದು ಎರಡು ಸಲ, ಎರಡೂ ಸಲ ಒರೆಸಿಕೊಂಡೇ ಮನೆಯಿಂದ ಹೊರಬಿದ್ದವಳು. ಕಿವಿ ಬಿಸಿಯಾಯಿತು. ಇವರ ಕಡೆ ನೋಡಿದರೆ ಇವರು ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ಓದುತ್ತಿದ್ದರು.

"ಕುಂಕುಮ," ಎಂದೆ. ಹೇಳಿದ ಮೇಲೆ ಪೂರ್ತಿ ಹೇಳಲೇಬೇಕಾಯಿತು. ವರ್ಷಕ್ಕೊಮ್ಮೆ ನಮ್ಮ ಕಡೆ ಕೆಲಸದ ಸಾಮಾನುಗಳಿಗೆಲ್ಲ ಪೂಜೆ ಮಾಡುತ್ತೇವೆ, ಅನ್ನ ಕೊಡುವ ವಸ್ತುಗಳಿಗೆ ಕೃತಜ್ಞತೆ ಹೇಳುತ್ತೇವೆ, ಇದು ಅದರ ಗುರುತು ಎಂದು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಭಾಷಣ ಸ್ಪರ್ಧೆಯ ಹಾಗೆ, ಒಪ್ಪಿಸಿದೆ.

"ಟ್ರಿಗರಿನ ಮೇಲೆಯೇ?"

"ಕೆಲಸ ಮಾಡುವುದು ಅದೇ ಅಲ್ಲವೇ," ಎಂದು ಕ್ಯಾಲೆಂಡರಿನ ಕಡೆಯಿಂದ ದನಿ ಬಂತು.

"ಎಷ್ಟು ವರ್ಷ?"

"ಹದಿನಾಲ್ಕು."

ಅವನು ಬಟ್ಟೆಯ ಮೇಲಿನ ಕೆಂಪನ್ನು ನೋಡಿ ತಲೆಯಾಡಿಸಿದ. "ಈ ಕೆಲಸದಲ್ಲಿ ನಾನು ಬಿಸ್ಕತ್ತಿನ ಪುಡಿ ಕಂಡಿದ್ದೇನೆ. ಒಬ್ಬನದರಲ್ಲಿ ಜೇಡನ ಸಂಸಾರವೇ ಇತ್ತು. ಥ್ಯಾಂಕ್ಸ್ ಹೇಳಿ ಹೇಳಿ ಉಸಿರು ಕಟ್ಟಿಸಿದವರನ್ನು ಇವತ್ತೇ ನೋಡಿದ್ದು."

ಮೂವರೂ ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ. ಏಕೆಂದರೆ ಆ ಕ್ಷಣದಲ್ಲಿ ನನಗೆ ಎಲ್ಲ ಹಗುರವಾಗಿತ್ತು. ಹಾಗಾದರೆ ಕುಂಕುಮ! ಕೈಯಲ್ಲ, ಬೆರಳಲ್ಲ. ಅವನು ಒರೆಸಿ, ತೊಳೆದು, ಮತ್ತೆ ಜೋಡಿಸಿ, ಕೊಕ್ಕೆ ಹಾಕಿ ಮೂರು ಸಲ ಎಳೆದ. ಮೂರು ಸಲವೂ ಒಂದೇ ತೂಕ.

"ನೋಡಿ, ಗಡಿಯಾರದ ಹಾಗಿದೆ. ಹೊಸದು ನಿಮಗೆ ಬೇಡ. ಮಾರುವವನು ನಾನೇ ಹೇಳುತ್ತಿದ್ದೇನೆ."

"ಆದ್ರೂ ಹೊಸದನ್ನು ತೋರಿಸಿ," ಎಂದರು ನನ್ನ ಗಂಡ.

ನನ್ನ ನಗು ನಿಂತಿತು. ಕುಂಕುಮ ಟ್ರಿಗರಿನ ಲೆಕ್ಕ ಕೊಡಬಹುದು. ಅರ್ಧ ಚಾದ ಲೆಕ್ಕ ಕೊಡುವುದಿಲ್ಲ.

ಅವನು ಮೂರು ಮರದ ತುಂಡುಗಳನ್ನು ತಂದಿಟ್ಟ. ಒಂದೊಂದಕ್ಕೂ ಒಂದೊಂದು ಟ್ರಿಗರ್ ಬಿಗಿದಿತ್ತು, ಬಂದೂಕಿಲ್ಲದ ಬರಿಯ ಟ್ರಿಗರ್, ಗಿರಾಕಿಗಳು ಬೆರಳಿಟ್ಟು ನೋಡಲೆಂದು. ಮೊದಲನೆಯದು ಲೈಟಿನ ಸ್ವಿಚ್ಚಿನಂತೆ, ಒತ್ತಿದರೆ ಟಕ್. ಎರಡನೆಯದು ಎರಡು ಹಂತದ್ದು: ಮೊದಲು ಮೆತ್ತಗೆ ಸ್ವಲ್ಪ ದೂರ ಬಂದು ಒಂದು ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ, ಅಲ್ಲಿಂದ ಇನ್ನೊಂದು ಚೂರು ಒತ್ತಿದರೆ ಬಿಡುತ್ತದೆ. ಮೂರನೆಯದು ಎಲ್ಲಕ್ಕಿಂತ ಹಗುರ. ಅದರ ಮುಂದೆ ಉಸಿರು ಬಿಡಲೂ ನನಗೆ ಹೆದರಿಕೆಯಾಯಿತು.

"ಇದು ಪಂದ್ಯದವರಿಗೆ," ಎಂದ ಅಂಗಡಿಯವನು ಮೂರನೆಯದನ್ನು ತೋರಿಸಿ. "ಕೈ ಕಲ್ಲಿನ ಹಾಗೆ ಇದ್ದವರಿಗೆ ಮಾತ್ರ. ಇಲ್ಲದಿದ್ದರೆ ಮನಸ್ಸು ಮಾಡುವ ಮೊದಲೇ ಗುಂಡು ಹೋಗಿರುತ್ತದೆ."

ನಾನು ನನ್ನ ಗಂಡನನ್ನೇ ನೋಡುತ್ತಿದ್ದೆ. ಅದನ್ನೇ ಕೈಗೆತ್ತಿಕೊಳ್ಳುತ್ತಾರೆ, ಆಗ ಹಿಡಿಯುತ್ತೇನೆ ಎಂದು. ಅವರು ಅದನ್ನು ಮುಟ್ಟಲಿಲ್ಲ. ಯಾವುದನ್ನೂ ಮುಟ್ಟಲಿಲ್ಲ. ಮೂರೂ ತುಂಡುಗಳನ್ನು ಎಡಗೈಯಿಂದ ನನ್ನ ಮುಂದೆ ಸರಿಸಿದರು.

"ನೀ ನೋಡು."

"ನಾನಾ? ನನಗೆ ಎಂತ ಗೊತ್ತು?"

"ಮಾವಿನಹಣ್ಣು ಒತ್ತಿ ನೋಡುದಿಲ್ವಾ ನೀನು, ಅಂಗಡಿಯವ ಬೈದ್ರೂ? ಹಾಗೆ ಒತ್ತು." ಆಮೇಲೆ ಅಂಗಡಿಯವನ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ನನಗೆ ಮುಜುಗರವಾಗುವಷ್ಟು ಹೆಮ್ಮೆಯಿಂದ, "ಇವಳು ಕಾಲೇಜಿನಲ್ಲಿ ಎನ್‌ಸಿಸಿ. ಐದು ಗುಂಡು, ಒಂದು ಅಂಗಿಯ ಗುಂಡಿಯಷ್ಟು ಜಾಗದಲ್ಲಿ," ಎಂದರು.

ಅದು ನಿಜ. ಸಿಸ್ಟರ್‌ಗಳದೇ ಕಾಲೇಜು, ಕ್ಯಾಂಪಿನ ಕೊನೆಯ ದಿನ, ಇದೇ ಪಾಯಿಂಟ್ ಟೂ ಟೂ, ಒಬ್ಬೊಬ್ಬರಿಗೆ ಐದೇ ತೋಟೆ. ಬೇರೆ ಹುಡುಗಿಯರು ಕಿವಿ ಮುಚ್ಚಿ ಕಿರುಚಿದರು. ನಾನು ಕಿರುಚಲಿಲ್ಲ. ಹೊಲಿಗೆ ಕಲಿಸುವ ಸಿಸ್ಟರೇ ನಮ್ಮನ್ನು ಕರೆದುಕೊಂಡು ಬಂದವರು, ನನ್ನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಗುಡ್. ಈಗ ಹೋಗಿ ನಿನ್ನ ಹೆಮ್ಮಿಂಗ್ ಮುಗಿಸು," ಎಂದರು. ಮದುವೆಯ ಹೊಸತರಲ್ಲಿ ಒಮ್ಮೆ ಇದನ್ನು ಇವರಿಗೆ ಹೇಳಿದ್ದೆ. ಆಗ ನಕ್ಕಿದ್ದರು, ಆಮೇಲೆ ಎಂದೂ ಎತ್ತಿರಲಿಲ್ಲ. ಇಷ್ಟು ವರ್ಷ ಪೆಟ್ಟಿಗೆಯ ತಳದಲ್ಲಿಟ್ಟ ಮಾತನ್ನು ಇವತ್ತು ಯಾಕೆ ಬಿಚ್ಚಿದರು? ನನ್ನನ್ನು ಹೊಗಳಿ ಯಾವುದಕ್ಕೆ ಒಪ್ಪಿಸುವ ಉಪಾಯ ಇದು?

ಆದರೂ ಒತ್ತಿದೆ. ಮೊದಲನೆಯದು ಒರಟು. ಮೂರನೆಯದು ನನ್ನ ಅನುಮತಿ ಕೇಳದೆ ಬಿಟ್ಟುಕೊಂಡಿತು. ಅಂಥ ಸಾಮಾನು ನನಗೆ ಮನೆಯಲ್ಲಿ ಬೇಡ. ಎರಡನೆಯದರಲ್ಲಿ ಬೆರಳು ಮೆತ್ತಗೆ ಹೋಗಿ ಗೋಡೆಗೆ ತಾಗಿ ನಿಂತಿತು. ಇಲ್ಲಿಯವರೆಗೆ ಯೋಚಿಸು, ಇಲ್ಲಿಂದ ಮುಂದೆ ನೀನೇ ಹೊಣೆ ಎಂದು ಹೇಳಿದಂತಿತ್ತು. "ಚುಚ್ಚಬೇಡ, ಒತ್ತು," ಎನ್ನುತ್ತಿದ್ದರು ಹೊಲಿಗೆಯ ಸಿಸ್ಟರ್, ದಪ್ಪ ಬಟ್ಟೆಯಲ್ಲಿ ಸೂಜಿ ಇಳಿಸುವಾಗ. ಒತ್ತಿದೆ. ಗಾಜಿನ ಕಡ್ಡಿ ಮುರಿದಂತೆ ಸಣ್ಣಗೆ ಬಿಟ್ಟಿತು. ಇನ್ನೊಮ್ಮೆ ಒತ್ತಿದೆ, ಯಾರೂ ಹೇಳದಿದ್ದರೂ.

"ಇದು," ಎಂದೆ.

"ಇದೇ," ಎಂದರು ಇವರು ತಕ್ಷಣ, ತಮ್ಮ ಬೆರಳಿಟ್ಟು ಒಮ್ಮೆಯೂ ನೋಡದೆ.

ಬಳೆ ಕೊಳ್ಳುವಾಗ ಕೂಡ ಹಾಕಿಕೊಂಡು ನೋಡುತ್ತಾರೆ. ಅಂಗಡಿಯವನು ನನ್ನ ಬೆರಳನ್ನೂ ಇವರ ಜೇಬನ್ನೂ ನೋಡಿ, "ಇದರಲ್ಲಿ ಬೆರಳಿಡುವ ನಾಲಿಗೆಯನ್ನು ಹಿಂದೆ ಮುಂದೆ ಸರಿಸಬಹುದು. ಬೆರಳು ಗಿಡ್ಡ ಇದ್ದರೆ ಹಿಂದಕ್ಕೆ. ಹಿಂದಕ್ಕೆ ಇಡಲೇ?" ಎಂದು ಕೇಳಿದ.

"ಇಡಿ," ಎಂದರು.

ಇವರ ಬೆರಳುಗಳು ಉದ್ದ. ಲಿಫ್ಟಿನ ಮೋಟರಿನ ಹಿಂದೆ ಬಿದ್ದ ನಟ್ ತೆಗೆಯುವ ಬೆರಳುಗಳು. ಅವು ಈಗ ಟ್ರಿಗರಿನವರೆಗೆ ಚಾಚಲಾರವೇ? ಅಷ್ಟು ಮಡಚಿಕೊಂಡಿವೆಯೇ? ಅವನು ಹೊಸದನ್ನು ಕೂರಿಸುತ್ತಿದ್ದ ಅಷ್ಟೂ ಹೊತ್ತು ನಾನು ಆ ಜೇಬಿನ ಮೇಲೆ ಕಣ್ಣಿಟ್ಟಿದ್ದೆ. ಜೇಬಿನ ಬಟ್ಟೆ ಒಳಗಿನಿಂದ ಮಿಸುಕುತ್ತಿತ್ತು, ತುಂಬ ಮೆಲ್ಲಗೆ, ಒಳಗೊಂದು ಹಕ್ಕಿಮರಿ ಇಟ್ಟುಕೊಂಡ ಹಾಗೆ.

ಹಿಂದೆ ಬರುವಾಗ ಟ್ರಾಫಿಕ್ಕಿನಲ್ಲಿ ನಿಂತೆವು. ನಾನು ಕಿಟಕಿಯ ಕಡೆ ನೋಡುತ್ತಲೇ ಕೇಳಿದೆ.

"ಕೈ ತೋರಿಸಿ."

"ಎಂತ, ಭವಿಷ್ಯ ಹೇಳ್ತಿಯಾ?"

"ತೋರಿಸಿ ಅಂದೆ."

ಸ್ಟಿಯರಿಂಗಿನಿಂದ ಬಲಗೈ ತೆಗೆದು ಗೇರಿನ ಪಕ್ಕ ನನ್ನ ಮಡಿಲ ಕಡೆ ಚಾಚಿದರು. ಹೆಬ್ಬೆರಳು ಮತ್ತು ತೋರುಬೆರಳು ಒಂದನ್ನೊಂದು ಉಜ್ಜುತ್ತಿದ್ದವು, ಉಪ್ಪು ಉದುರಿಸುವ ಹಾಗೆ. ನಾನು ನನ್ನ ಕೈ ಅದರ ಮೇಲಿಟ್ಟೆ. ಕೈಯ ಕೆಳಗೂ ಅದು ನಿಲ್ಲಲಿಲ್ಲ.

"ಯಾವಾಗಿನಿಂದ?"

"ಬೇಸಿಗೆಯಿಂದ. ಮೊದಲು ಬೆರಳು ಮಾತ್ರ ಇತ್ತು."

"ನನಗೆ ಹೇಳ್ಬೇಕು ಅಂತ ಆಗ್ಲಿಲ್ವಾ?"

"ನಿನಗೆ ಬೊಟ್ಟಿನ ದಿನವೇ ಗೊತ್ತಾಗಿತ್ತು. ನೀ ಹೇಳಿದ್ಯಾ?"

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಇವರು ಕೈ ಹಿಂದಕ್ಕೆ ತೆಗೆದುಕೊಂಡು ಗಾಡಿ ಮುಂದಕ್ಕೆ ಬಿಟ್ಟರು. "ಮಂಗಳವಾರ ಜಿಪಿ ಹತ್ರ ಹೋಗ್ಲಿಕ್ಕುಂಟು. ಪೊಲೀಸಿನವರಿಗೂ ನಾನೇ ಹೇಳ್ತೇನೆ. ನಿನ್ನ ಕಿವಿ ಕೆಂಪಾಗುದು ಬೇಡ."

ಸಮಾಧಾನವಾಗಬೇಕಿತ್ತು. ಒಂದು ಫರ್ಲಾಂಗು ಸಮಾಧಾನವಾಗಿಯೇ ಇದ್ದೆ. ಆಮೇಲೆ ಸಂಶಯ ಬೇರೆ ದಾರಿಯಿಂದ ಬಂತು. ಮಂಗಳವಾರ ಎಲ್ಲವನ್ನೂ ಒಪ್ಪಿಕೊಳ್ಳುವ ಮನುಷ್ಯ, ವಸಂತಕ್ಕೆ ಸರ್ಟಿಫಿಕೇಟ್ ಇಲ್ಲದಾಗುವ ಮನುಷ್ಯ, ಶನಿವಾರ ಹೊಸ ಟ್ರಿಗರ್ ಯಾಕೆ ಹಾಕಿಸುತ್ತಾನೆ? ಮಾರಲೆಂದೇ? ಹಾಗಿದ್ದರೆ ಸಾಯುವ ಮುದುಕನ ಹತ್ತಿರ ಆಡಿದ ಮಾತೇನಾಯಿತು? ಕೇಳಿದೆ.

"ಹಾಗಾದ್ರೆ ಈ ಟ್ರಿಗರ್ ಎಂತಕ್ಕೆ?"

"ಒಳ್ಳೆ ಟ್ರಿಗರ್ ಅದು. ನೀನೇ ಆರಿಸಿದ್ದಲ್ವಾ," ಎಂದು ರೇಡಿಯೋ ಹಾಕಿದರು.

ಮೂವತ್ತೊಂದು ವರ್ಷದಲ್ಲಿ ನಾನು ಕಂಡದ್ದು: ಈ ಮನುಷ್ಯ ರೇಡಿಯೋ ಹಾಕಿದರೆ ಮಾತಿನ ಬಾಗಿಲಿಗೆ ಅಗುಳಿ ಹಾಕಿದ ಹಾಗೆ.

ಮಧ್ಯಾಹ್ನ ಅವರು ಮಲಗಿದರು. ನಾನು ಊಟದ ಮೇಜಿನ ಮೇಲೆ ಕುಂಕುಮದ ಭರಣಿ ಇಟ್ಟುಕೊಂಡು ಅದರ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತ ಕೂತೆ. ಪೊಲೀಸರ ಕಾಗದಪತ್ರಗಳಿರುವ ಫೈಲು ಅಲ್ಲೇ ಪಕ್ಕದ ಕಪಾಟಿನ ಮೇಲಿತ್ತು. ಬೇರೆಯವರ ಕಾಗದ ನೋಡಬಾರದು ಎಂದು ಕಲಿತವಳು ನಾನು. ಫೈಲಿನ ಧೂಳು ಒರೆಸಿದೆ. ಒರೆಸುವಾಗ ಅದರ ಅಂಚಿನಿಂದ ಒಂದು ಹೊಸ ಫಾರಂ ಹೊರಗೆ ಇಣುಕಿದ್ದು ಕಂಡಿತು, ಖಾಲಿ ಫಾರಂ, ಮೊದಲ ಸಲ ಅರ್ಜಿ ಹಾಕುವವರದ್ದು. ಇವರದು ನವೀಕರಣ. ಹಾಗಾದರೆ ರೈಫಲನ್ನು ಯಾರಿಗೋ ಕೊಡಲು ಮಾತಾಗಿದೆ. ಯಾವನೋ ಹೊಸಬ, ಬೆರಳು ಗಿಡ್ಡ ಇರುವವನು; ಅವನಿಗಾಗಿ ನನ್ನ ಕೈಯಲ್ಲಿ ಟ್ರಿಗರ್ ಆರಿಸಿದ್ದಾರೆ! ನನಗೆ ಯಾವತ್ತೂ ಬೇಡವಾಗಿದ್ದ ಆ ಕಬ್ಬಿಣದ ಮೇಲೆ ಆ ಕ್ಷಣ ಹೊಟ್ಟೆಕಿಚ್ಚು ಹುಟ್ಟಿತು. ಹದಿನಾಲ್ಕು ವರ್ಷ ಅದರ ಪಕ್ಕದಲ್ಲಿ ನನ್ನ ಹೊಲಿಗೆ ಮಿಷನ್ ಕೂತು ಮಂಗಳಾರತಿ ತೆಗೆದುಕೊಂಡಿದೆ. ಬೇರೆ ಮನೆಗೆ ಹೋಗುವ ಮೊದಲು ನನ್ನನ್ನೊಂದು ಮಾತು ಕೇಳಬಾರದೇ?

ಸಂಜೆ ಐದೂವರೆಗೆ ಕತ್ತಲಾಗಿತ್ತು. ಬಾಗಿಲು ಬಡಿದ ಶಬ್ದ. ಬೆಲ್ ಇದ್ದರೂ ಬಡಿಯುವವರು ಒಬ್ಬರೇ, ಪಕ್ಕದ ಮನೆಯ ಮೇಷ್ಟ್ರ ಹೆಂಡತಿ. ಹಿಂದಿನ ವಾರ ನಾನು ಪತ್ರೊಡೆ ಕೊಟ್ಟ ಸ್ಟೀಲಿನ ಡಬ್ಬಿ ಅವರ ಕೈಯಲ್ಲಿತ್ತು, ಖಾಲಿ ಕೊಡಬಾರದೆಂದು ತುಂಬ ಶೇಂಗಾ ಚಟ್ನಿಪುಡಿ. ಮೇಲೆ ಬಾಕ್ಸ್ ರೂಮಿನಲ್ಲಿ ಇವರು ಉಕ್ಕಿನ ಕಪಾಟು ಮುಚ್ಚುವ ಸದ್ದು ಕೇಳಿತು.

"ಒಳಗ ಬರೂದಿಲ್ರಿ, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೇನಿ," ಎಂದು ಅವರು ಹೊಸ್ತಿಲಲ್ಲೇ ನಿಂತರು. ಹಾಗೆ ಹೇಳಿ ಕಾಲು ಗಂಟೆ ನಿಲ್ಲುವುದು ಅವರ ರೂಢಿ. "ನಿಮ್ಮ ಪತ್ರೊಡಿ ನಮ್ಮ ಮನಿಯವ್ರು ಒಬ್ಬರ ತಿಂದ್ರು ನೋಡ್ರಿ. ಬ್ಯಾಡ ಬ್ಯಾಡ ಅಂತನ ಆರು ಹೊಡದ್ರು. ಯಾಕ ಮುಖ ಸಪ್ಪಗದ? ಜಗ್ಳಾಡೀರೇನು?"

"ಇಲ್ಲ, ಹೊರಗೆ ಹೋಗಿ ಬಂದೆವು. ಸ್ವಲ್ಪ ಸುಸ್ತು," ಎಂದೆ. ನನ್ನ ಕಿವಿ ಬಿಸಿಯಾಯಿತು.

"ಹೌದ ಹೌದು, ಬಂದೂಕಿನ ಅಂಗಡಿಗೆ ಅಲ್ಲಾ?"

"ನಿಮಗೆ ಹೇಗೆ ಗೊತ್ತು?"

ಅವರು ಆಗಲೇ ಮೆಟ್ಟಿಲಿಳಿದು ತಮ್ಮ ಗೇಟಿನತ್ತ ಹೊರಟಿದ್ದರು. ಬೇಳೆಯ ನೆನಪು ನಿಜವಾಗಿಯೇ ಬಂದಿತ್ತೇನೋ. ತಿರುಗಿ ನೋಡದೆ, ಸೆರಗನ್ನು ಕೋಟಿನೊಳಗೆ ಸೇರಿಸಿಕೊಳ್ಳುತ್ತ ಹೇಳಿದರು:

"ನಿಮ್ಮ ಯಜಮಾನ್ರು ಹೋದ ವಾರನ ಬಂದು ಕೇಳಿದ್ರಲ್ರೀ, ಬಂದೂಕು ಇನ್ನ ನಿಮ್ಮ ಹೆಸರೀಗೆ ಮಾಡ್ಸೂದದ, ನಿಮ್ಮ ಸಲುವಾಗಿ ಪೊಲೀಸರಿಗೆ ಬರದ್ಕೊಡ್ತೀರೇನು ಅಂತ. ಅವರಿಗೆ ನಮ್ಮ ಮನಿಯವ್ರು ಬರದಿದ್ರು, ನಿಮಗ ನಾ ಬರೀತೀನಿ ಅಂದೇನಿ. ಸಿಟ್ಟು ಬಂದ್ರೂ ಈ ಅಕ್ಕಾರು ಪಾತ್ರಿ ಸುದ್ದಾ ಸಪ್ಪಳಾಗದಂಗ ಇಡ್ತಾರ ಅಂತ ಬರದ್ರ ನಡೀತದಲ್ರೀ?"